ಹೆಸರುಗಳು ನಡೆದು ಬಂದ ದಾರಿ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹರಡಿರುವ ರಾಯಚೂರು ಸೀಮೆಗೆ ಹಿಂದೆ ಎಡೆದೊರೆ ನಾಡು ಎಂಬ ಹೆಸರಿದ್ದಿತು. ಎಡೆ ಎಂದರೆ ನಡುವಣ ಜಾಗ. ತೊರೆ ಎಂದರೆ ಹೊಳೆ. ಎರಡು ಹೊಳೆಗಳ ನಡುವಣ ನೆಲವೇ ಎಡೆದೊರೆ. ಕನ್ನಡ ಶಾಸನಗಳು ಇದನ್ನು ಎಡೆದೊರೆ ಎರಡು ಸಾವಿರ ಎಂದು ಕರೆದಿವೆ. ಹನ್ನೊಂದನೆಯ ಶತಮಾನದಲ್ಲಿ ರಾಜೇಂದ್ರ ಚೋಳನ ತಮಿಳು ಶಾಸನಗಳು ಈ ಸೀಮೆಯನ್ನೇ ಇಡೈತುರೈ ನಾಡು ಎಂದು ಹೆಸರಿಸಿದುವು. ಮುಂದೆ ಪಾರಸಿ ಬಲ್ಲ ಅಧಿಕಾರಿಗಳು ಬಂದರು. ಪಾರಸಿಯಲ್ಲಿ ದೋ ಎಂದರೆ ಎರಡು, ಆಬ್ ಎಂದರೆ ನೀರು. ಎಡೆದೊರೆಯು ರಾಯಚೂರು ದೋಆಬ್ ಆಯಿತು. ಮಾತು ಬದಲಾಯಿತು, ಅರ್ಥ ಬದಲಾಗಲಿಲ್ಲ.

ಇಲ್ಲಿಂದ ಸಾವಿರಾರು ಮೈಲಿ ದೂರದಲ್ಲಿ ಇಂಥದೇ ಇನ್ನೊಂದು ನಾಡಿದೆ. ಅಲ್ಲಿ ಹರಿಯುವ ನದಿಗಳು ಟೈಗ್ರಿಸ್ ಮತ್ತು ಯೂಫ್ರೆಟಿಸ್. ಗ್ರೀಕರು ಆ ನಾಡನ್ನು ಮೆಸೊಪೊಟೇಮಿಯ ಎಂದು ಕರೆದರು. ಮೆಸೋಸ್ ಎಂದರೆ ನಡುವಣ, ಪೊತಮೋಸ್ ಎಂದರೆ ನದಿ. ಯೆಹೂದ್ಯರ ಹೀಬ್ರೂ ಧರ್ಮಗ್ರಂಥದಲ್ಲಿ ಆ ನಾಡಿನ ಒಂದು ಭಾಗಕ್ಕೆ ಅರಾಮ್ ನಹರಾಯಿಮ್ ಎಂಬ ಹೆಸರಿದೆ. ನಹರ್ ಎಂದರೆ ನದಿ. ನಹರಾಯಿಮ್ ಎಂದರೆ ಎರಡು ನದಿಗಳು. ರಾಯಚೂರಿನಲ್ಲಿ ಉರ್ದು ಆಡುವವರು ಕಾಲುವೆಯನ್ನು ನಹರ್ ಎನ್ನುವುದುಂಟು. ಅರಬ್ಬಿಯಿಂದ ಬಂದ ಆ ಮಾತೂ ಹೀಬ್ರೂವಿನ ನಹರ್ ಎಂಬ ಮಾತೂ ಒಂದೇ ಕುಲಕ್ಕೆ ಸೇರಿದುವು. ಹೀಗೆ ಎಡೆದೊರೆ, ದೋಆಬ್, ಮೆಸೊಪೊಟೇಮಿಯ, ಅರಾಮ್ ನಹರಾಯಿಮ್ ಎಂಬ ನಾಲ್ಕು ಹೆಸರುಗಳು ನಾಲ್ಕು ಭಾಷೆಗಳಲ್ಲಿ ಹುಟ್ಟಿದ್ದರೂ ಒಂದೇ ಮಾತನ್ನು ಹೇಳುತ್ತವೆ.

ಹೆಸರುಗಳು ಒಂದು ನಾಡಿನಿಂದ ಇನ್ನೊಂದು ನಾಡಿಗೆ ಎರಡು ಬಗೆಯಲ್ಲಿ ಪಯಣ ಮಾಡುತ್ತವೆ. ಒಂದು, ಧ್ವನಿಯ ದಾರಿ. ಹೆಸರಿನ ಸದ್ದನ್ನು ಉಳಿಸಿಕೊಂಡು, ಹೊಸ ನಾಲಿಗೆಗೆ ಹೊಂದುವಷ್ಟು ಮಾತ್ರ ಅದನ್ನು ತಿದ್ದಿಕೊಳ್ಳುವುದು. ಇನ್ನೊಂದು, ಅರ್ಥದ ದಾರಿ. ಸದ್ದನ್ನು ಬಿಟ್ಟು ಅರ್ಥವನ್ನು ಮಾತ್ರ ಹೊತ್ತು ತರುವುದು. ಧರ್ಮಗಳ ಇತಿಹಾಸದಲ್ಲಿ ಈ ಎರಡು ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕೆಂಬುದು ಸಾಮಾನ್ಯವಾದ ಪ್ರಶ್ನೆಯಲ್ಲ. ಒಂದು ಮಾತಿನ ಆಯ್ಕೆಯಿಂದ ಒಂದು ಜನಾಂಗಕ್ಕೆ ಹೊಸ ವಿಚಾರವು ನೆರೆಮನೆಯ ಮಾತಾಗಿಯೋ ಪರದೇಶದ ಮಾತಾಗಿಯೋ ಕೇಳಿಸುತ್ತದೆ. ಬೈಬಲ್ಲಿನ ಮತ್ತು ಪ್ರಾಚೀನ ಗ್ರೀಸಿನ ಹೆಸರುಗಳು ಕನ್ನಡ ನಾಡಿಗೆ ಬಂದ ಬಗೆಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಗ್ರೀಕರ ಹೆಸರುಗಳು ಭಾರತದ ಕಲ್ಲಿನ ಮೇಲೆ ಮೂಡಿದುದು ಕ್ರಿಸ್ತನು ಹುಟ್ಟುವುದಕ್ಕೆ ಎರಡೂವರೆ ಶತಮಾನಗಳ ಹಿಂದೆ. ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲಿನ ಶಾಸನವನ್ನು ೧೯೧೫ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಎಂಬುವರು ಕಂಡುಹಿಡಿದರು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ದೊರೆಯು ದೇವಾನಾಂಪ್ರಿಯ ಎಂಬ ಬಿರುದಿನಿಂದಲೇ ಮಾತನಾಡುತ್ತಿದ್ದನು. ಮಸ್ಕಿಯ ಶಾಸನದಲ್ಲಿ ಆ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಕಾಣಿಸಿತು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬ ವಿದ್ವಾಂಸರ ನಿರ್ಣಯಕ್ಕೆ ಕಲ್ಲಿನ ಸಾಕ್ಷ್ಯ ಒದಗಿತು. ಒಂದು ಹೆಸರಿನ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಅದೇ ಅಶೋಕನ ಹದಿಮೂರನೆಯ ಬಂಡೆಗಲ್ಲು ಶಾಸನದ ಪ್ರತಿಗಳು ಭಾರತ ಖಂಡದ ಹಲವು ಕಡೆ ದೊರೆತಿವೆ. ತುಂಗಭದ್ರೆಯಿಂದಾಚೆ ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳ ಮೇಲೂ ಈ ಶಾಸನಮಾಲೆ ಇದೆ. ಧರ್ಮದ ಸಂದೇಶವನ್ನು ತಾನು ಯಾವ ಯಾವ ದೊರೆಗಳ ನಾಡಿಗೆ ಮುಟ್ಟಿಸಿದೆನೆಂದು ಹೇಳುವಾಗ ಅಶೋಕನು ಐವರು ಗ್ರೀಕ್ ಅರಸರನ್ನು ಹೆಸರಿಸುತ್ತಾನೆ: ಅಂತಿಯೋಕ, ತುರಮಾಯ, ಅಂತಿಕಿನಿ, ಮಕ ಮತ್ತು ಅಲಿಕಸುದರ. ಸಿರಿಯದ ಆಂಟಿಯೋಕಸ್, ಈಜಿಪ್ಟಿನ ಟಾಲೆಮಿ, ಮ್ಯಾಸಿಡೋನಿಯದ ಆಂಟಿಗೋನಸ್, ಸೈರೀನಿನ ಮಾಗಸ್ ಎಂಬ ನಾಲ್ವರು ಇವರಲ್ಲಿ ಸೇರಿದ್ದಾರೆ. ಅಲಿಕಸುದರನೆಂದರೆ ಅಲೆಕ್ಸಾಂಡರ್ ಎಂಬ ಹೆಸರಿನ ಒಬ್ಬ ದೊರೆ. ಟಾಲೆಮಿಯು ತುರಮಾಯನಾದುದು, ಅಲೆಕ್ಸಾಂಡರನು ಅಲಿಕಸುದರನಾದುದು ಧ್ವನಿಯ ದಾರಿಯಲ್ಲಿ. ಪ್ರಾಕೃತ ನಾಲಿಗೆಗೆ ಎಟುಕದ ವ್ಯಂಜನಗಳ ಒತ್ತನ್ನು ಲಿಪಿಕಾರನು ಸಡಿಲಿಸಿದನು. ಆ ಗ್ರೀಕ್ ಅರಸರ ಕಾಲವು ಬೇರೆ ಆಧಾರಗಳಿಂದ ತಿಳಿದಿದ್ದುದರಿಂದ ಅಶೋಕನ ಕಾಲವನ್ನು ನಿಶ್ಚಯಿಸಲು ಇತಿಹಾಸಕಾರರಿಗೆ ಸಾಧ್ಯವಾಯಿತು. ಐದು ಪರಕೀಯ ಹೆಸರುಗಳು ಭಾರತದ ಪ್ರಾಚೀನ ಕಾಲಗಣನೆಗೆ ಗೂಟ ನೆಟ್ಟವು.

ಆ ಶಾಸನದಲ್ಲಿ ಗ್ರೀಕರಿಗೆ ಯೋನ ಎಂಬ ಹೆಸರಿದೆ. ಸಂಸ್ಕೃತದ ಮತ್ತು ಕನ್ನಡದ ಯವನ ಎಂಬ ಪದ ಇದರ ಒಡಹುಟ್ಟು. ಏಷ್ಯಾಮೈನರಿನ ಕರಾವಳಿಯಲ್ಲಿದ್ದ ಅಯೋನಿಯ ಎಂಬ ಗ್ರೀಕ್ ಪ್ರದೇಶದ ಹೆಸರೇ ಇದಕ್ಕೆ ಮೂಲ. ಹೀಬ್ರೂ ಧರ್ಮಗ್ರಂಥದ ಆದಿಕಾಂಡದಲ್ಲಿ ಅದೇ ಜನರು ಯಾವಾನ್ ಎಂದು ಹೆಸರಾಗಿದ್ದಾರೆ. ಭಾರತೀಯರೂ ಯೆಹೂದ್ಯರೂ ಒಬ್ಬರನ್ನೊಬ್ಬರು ಕೇಳದೆಯೇ ಗ್ರೀಕರನ್ನು ಒಂದೇ ಹೆಸರಿನಿಂದ ಕರೆದರು.

ಅರ್ಥದ ದಾರಿಗೂ ಅಶೋಕನಲ್ಲೇ ನಿದರ್ಶನವಿದೆ. ೧೯೫೮ರಲ್ಲಿ ಅಫಘಾನಿಸ್ತಾನದ ಕಂದಹಾರದಲ್ಲಿ ಅವನ ಒಂದು ಶಾಸನ ಬೆಳಕಿಗೆ ಬಂದಿತು. ಅದು ಗ್ರೀಕ್ ಮತ್ತು ಅರಮಾಯಿಕ್ ಎಂಬ ಎರಡು ಭಾಷೆಗಳಲ್ಲಿದೆ. ಅರಮಾಯಿಕ್ ಎಂಬುದು ಮುಂದೆ ಯೇಸು ತನ್ನ ಶಿಷ್ಯರೊಡನೆ ಆಡಿದ ಭಾಷೆ. ಅಲ್ಲಿ ಧರ್ಮ ಎಂಬ ಪದವನ್ನು ಗ್ರೀಕಿಗೆ ತರಬೇಕಾದಾಗ ಅನುವಾದಕನು ಧರ್ಮ ಎಂಬ ಸದ್ದನ್ನು ಉಳಿಸಲಿಲ್ಲ. ಯೂಸೆಬೈಯ ಎಂಬ ಗ್ರೀಕ್ ಪದವನ್ನು ಆರಿಸಿಕೊಂಡನು. ದೇವರಲ್ಲಿಯೂ ಹಿರಿಯರಲ್ಲಿಯೂ ತೋರುವ ಭಕ್ತಿ, ಗೌರವ ಎಂಬುದು ಅದರ ಅರ್ಥ. ಮೂರು ಶತಮಾನಗಳ ಮೇಲೆ ಕ್ರೈಸ್ತರ ಹೊಸ ಒಡಂಬಡಿಕೆಯ ಪತ್ರಗಳಲ್ಲಿ ಅದೇ ಯೂಸೆಬೈಯ ಎಂಬ ಪದ ಕ್ರೈಸ್ತ ಭಕ್ತಿಗೆ ಬಳಕೆಯಾಯಿತು. ಭಾರತದ ಧರ್ಮ ಎಂಬ ಭಾವಕ್ಕೂ ಕ್ರೈಸ್ತರ ಭಕ್ತಿ ಎಂಬ ಭಾವಕ್ಕೂ ಗ್ರೀಕ್ ಭಾಷೆಯ ಒಂದೇ ಪದ ಆಶ್ರಯವಿತ್ತಿತು.

ಅಶೋಕನು ತುರಮಾಯನೆಂದು ಕರೆದ ಎರಡನೆಯ ಟಾಲೆಮಿಯು ಕ್ರಿ.ಪೂ. ೨೪೬ರವರೆಗೆ ಈಜಿಪ್ಟಿನ ಅಲೆಕ್ಸಾಂಡ್ರಿಯದಿಂದ ಆಳಿದನು. ಆ ನಗರದಲ್ಲಿ ನೆಲಸಿದ್ದ ಯೆಹೂದ್ಯರಲ್ಲಿ ಹೀಬ್ರೂ ಭಾಷೆಯ ಬಳಕೆ ಕ್ರಮೇಣ ಕಡಮೆಯಾಗಿ ಗ್ರೀಕ್ ಅವರ ಮನೆಮಾತಾಗಿದ್ದಿತು. ಧರ್ಮಗ್ರಂಥವನ್ನು ಗ್ರೀಕಿಗೆ ತರುವುದು ಅನಿವಾರ್ಯವಾಯಿತು. ಟಾಲೆಮಿಯು ಯೆರೂಸಲೇಮಿನಿಂದ ಎಪ್ಪತ್ತೆರಡು ಮಂದಿ ಹಿರಿಯರನ್ನು ಬರಮಾಡಿಕೊಂಡು ಈ ಕಾರ್ಯವನ್ನು ಮಾಡಿಸಿದನೆಂದು ಐತಿಹ್ಯವಿದೆ. ಎಪ್ಪತ್ತು ಎಂಬ ಅರ್ಥದ ಲ್ಯಾಟಿನ್ ಪದದಿಂದ ಆ ಅನುವಾದಕ್ಕೆ ಸೆಪ್ಟುವಜಿಂಟ್ ಎಂಬ ಹೆಸರು ಬಂದಿತು. ಐತಿಹ್ಯದ ವಿವರಗಳು ಹೇಗೇ ಇರಲಿ, ಮೊದಲ ಐದು ಗ್ರಂಥಗಳ ಅನುವಾದವು ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಆಯಿತೆಂಬುದನ್ನು ವಿದ್ವಾಂಸರು ಒಪ್ಪುತ್ತಾರೆ. ಅರಾಮ್ ನಹರಾಯಿಮ್ ಎಂಬುದು ಮೆಸೊಪೊಟೇಮಿಯ ಆದುದೂ ಈ ಅನುವಾದದಲ್ಲಿಯೇ.

ಈ ಅನುವಾದಕರು ಎರಡು ದಾರಿಗಳನ್ನೂ ಹಿಡಿದರು. ಹೀಬ್ರೂವಿನಲ್ಲಿ ಮಾಶೀಆಹ್ ಎಂದರೆ ಎಣ್ಣೆಯಿಂದ ಅಭಿಷೇಕಗೊಂಡವನು. ಅರಸನಿಗೂ ಯಾಜಕನಿಗೂ ಹಾಗೆ ಅಭಿಷೇಕ ಮಾಡುವ ಪದ್ಧತಿ ಅವರಲ್ಲಿ ಇದ್ದಿತು. ಅದನ್ನು ಅನುವಾದಕರು ಗ್ರೀಕಿನಲ್ಲಿ ಖ್ರಿಸ್ತೋಸ್ ಎಂದರು. ಆ ಮಾತಿಗೂ ಅಭಿಷಿಕ್ತನೆಂದೇ ಅರ್ಥ. ಕನ್ನಡದ ಕ್ರಿಸ್ತ, ಕ್ರೈಸ್ತ ಎಂಬ ಪದಗಳಿಗೆ ಮೂಲ ಇದೇ. ಆದರೆ ಯೇಶೂವ ಎಂಬ ಹೆಸರು ಧ್ವನಿಯ ದಾರಿಯನ್ನು ಹಿಡಿಯಿತು. ಗ್ರೀಕಿನಲ್ಲಿ ಶಕಾರವಿಲ್ಲ, ಆದುದರಿಂದ ಅದು ಸಕಾರವಾಯಿತು. ಗಂಡಸರ ಹೆಸರಿಗೆ ಗ್ರೀಕ್ ವ್ಯಾಕರಣ ಬಯಸುವ ಸಕಾರವು ಕೊನೆಯಲ್ಲಿಯೂ ಸೇರಿತು. ಯೇಶೂವ ಯೇಸೂಸ್ ಆದನು. ಕನ್ನಡವು ಆ ಕೊನೆಯ ಸಕಾರವನ್ನು ಕಳೆದು ತನ್ನ ವಿಭಕ್ತಿಗಳನ್ನು ಹಚ್ಚಿ ಯೇಸುವು, ಯೇಸುವಿನ ಎಂದು ನುಡಿಯಿತು. ಯೇಸುಕ್ರಿಸ್ತ ಎಂಬ ಒಂದೇ ಸಮಾಸದಲ್ಲಿ ಮೊದಲ ಅರ್ಧ ಧ್ವನಿಯಿಂದಲೂ ಉಳಿದರ್ಧ ಅರ್ಥದಿಂದಲೂ ಗ್ರೀಕಿಗೆ ಬಂದುದೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಯೇಸುವಿನ ಶಿಷ್ಯರ ಹೆಸರುಗಳಲ್ಲಿಯೂ ಇಂಥ ಸ್ವಾರಸ್ಯಗಳಿವೆ. ಸೀಮೋನನೆಂಬ ಬೆಸ್ತನಿಗೆ ಯೇಸು ಅರಮಾಯಿಕ್ ಭಾಷೆಯಲ್ಲಿ ಕೇಫ ಎಂದು ಹೆಸರಿಟ್ಟನು. ಕೇಫ ಎಂದರೆ ಬಂಡೆ. ಗ್ರೀಕರು ಅದೇ ಅರ್ಥದಲ್ಲಿ ಪೇತ್ರೋಸ್ ಎಂದರು. ಕನ್ನಡದಲ್ಲಿ ಅವನು ಪೇತ್ರನಾದನು. ಮುದಗಲ್, ಮಸರಕಲ್ ಎಂಬ ಊರ ಹೆಸರುಗಳ ಕೊನೆಯಲ್ಲಿ ಕಲ್ಲಿನ ಸದ್ದನ್ನು ದಿನವೂ ಕೇಳುವ, ಮನೆಮನೆಯಲ್ಲಿ ಕಲ್ಲಪ್ಪ ಎಂಬ ಹೆಸರನ್ನು ಬಲ್ಲ ಜನರಿಗೆ ಪೇತ್ರ ಎಂಬುದು ಅರ್ಥದಲ್ಲಿ ಹೊಸ ಹೆಸರೇನೂ ಅಲ್ಲ. ತೋಮ ಎಂದರೆ ಅರಮಾಯಿಕಿನಲ್ಲಿ ಅವಳಿ. ಪೌಲ ಎಂಬ ಲ್ಯಾಟಿನ್ ಹೆಸರಿಗೆ ಚಿಕ್ಕವನು ಎಂದು ಅರ್ಥ. ತಮಿಳು ಕಥೋಲಿಕರು ಈ ಅರ್ಥವನ್ನು ಹಿಡಿದು ಪೌಲನನ್ನು ಚಿನ್ನಪ್ಪರ್ ಎಂದು ಕರೆದರು.

ಪ್ರಾಚೀನ ಗ್ರೀಕರ ದೇವತೆಗಳ ಹೆಸರುಗಳೂ ಬೈಬಲ್ಲಿನಲ್ಲಿ ಬರುತ್ತವೆ. ಲುಸ್ತ್ರ ಎಂಬ ಊರಿನಲ್ಲಿ ಪೌಲನೂ ಬಾರ್ನಬನೂ ಒಬ್ಬ ಕುಂಟನನ್ನು ಗುಣಪಡಿಸಿದಾಗ ಅಲ್ಲಿಯ ಜನರು ಬಾರ್ನಬನನ್ನು ಝ್ಯೂಸ್ ಎಂದೂ, ಮಾತುಗಾರನಾದ ಪೌಲನನ್ನು ಹೆರ್ಮಿಸ್ ಎಂದೂ ಭಾವಿಸಿ ಪೂಜೆಗೆ ಹೊರಟರು. ಝ್ಯೂಸ್ ಎಂಬುದು ಆಕಾಶದ ಅಧಿದೇವತೆಯ ಹೆಸರು. ವೇದಗಳ ದ್ಯೌಃ ಎಂಬ ಪದವೂ ಅದೂ ಒಂದೇ ಬೇರಿನವು. ಈ ಪ್ರಸಂಗವನ್ನು ಹಳೆಯ ಇಂಗ್ಲಿಷ್ ಅನುವಾದಕರು ತರ್ಜುಮೆ ಮಾಡುವಾಗ ಗ್ರೀಕ್ ಹೆಸರುಗಳನ್ನು ಬಿಟ್ಟು ರೋಮನರ ಜೂಪಿಟರ್, ಮರ್ಕ್ಯುರಿ ಎಂಬ ಹೆಸರುಗಳನ್ನು ಹಾಕಿದರು. ಇದು ಧ್ವನಿಯೂ ಅಲ್ಲದ ಅರ್ಥವೂ ಅಲ್ಲದ ಮೂರನೆಯ ದಾರಿ. ಒಂದು ನಾಡಿನ ದೇವತೆಯ ಸ್ಥಾನದಲ್ಲಿ ಇನ್ನೊಂದು ನಾಡಿನ ದೇವತೆಯನ್ನು ಕೂರಿಸುವ ದಾರಿ. ಓದುವವನಿಗೆ ಇದು ಸುಲಭವಾಗಬಹುದು. ಆದರೆ ಲುಸ್ತ್ರದ ಜನರು ನಿಜವಾಗಿ ಯಾರನ್ನು ಕೂಗಿ ಕರೆದರೆಂಬುದು ಮರೆಯಾಗಿಬಿಡುತ್ತದೆ.

ಇದಕ್ಕಿಂತ ಗಮನಾರ್ಹವಾದ ಸಂಗತಿ ಇನ್ನೊಂದಿದೆ. ಮೊದಲ ತಲೆಮಾರಿನ ಕ್ರೈಸ್ತರಲ್ಲಿ ಅನೇಕರಿಗೆ ಗ್ರೀಕ್ ದೇವತೆಗಳ ಹೆಸರುಗಳೇ ಇದ್ದುವು. ಪೌಲನ ಪತ್ರಗಳಲ್ಲಿ ಕಾಣಿಸುವ ಎಪಫ್ರೊದೀತನ ಹೆಸರಿನಲ್ಲಿ ಅಫ್ರೊಡೈಟಿ ದೇವತೆಯಿದ್ದಾಳೆ. ಫೊಯಿಬೆ ಎಂಬ ಸ್ತ್ರೀಯ ಹೆಸರು ಗ್ರೀಕ್ ಪುರಾಣದ ದೇವತೆಯೊಬ್ಬಳದು. ಅಥೇನೆಯಲ್ಲಿ ಪೌಲನ ಮಾತನ್ನು ಒಪ್ಪಿದ ದಿಯೊನುಸ್ಯನ ಹೆಸರು ಡಯೊನೈಸಸ್ ದೇವತೆಯಿಂದ ಬಂದುದು. ಇವರು ನಂಬಿಕೆಯನ್ನು ಬದಲಾಯಿಸಿದರು. ತಾಯಿತಂದೆಗಳು ಇಟ್ಟ ಹೆಸರನ್ನು ಬದಲಾಯಿಸಲಿಲ್ಲ. ಪೌಲನೂ ಆ ಹೆಸರುಗಳಿಂದಲೇ ಅವರನ್ನು ಪ್ರೀತಿಯಿಂದ ಸ್ಮರಿಸಿದನು. ಹೆಸರನ್ನು ಕೇಳಿದ ಮಾತ್ರಕ್ಕೆ ಮನುಷ್ಯನ ಮನಸ್ಸನ್ನು ಅಳೆಯಲಾಗದೆಂಬ ಪಾಠ ಇಲ್ಲಿದೆ.

ಗ್ರೀಕ್ ಭಾಷೆಯ ಸಾಮಾನ್ಯ ಪದಗಳೂ ಕ್ರೈಸ್ತರ ಕೈಯಲ್ಲಿ ಹೊಸ ಅರ್ಥ ತಳೆದುವು. ಅಥೆನ್ಸಿನ ಪೌರರು ಊರಿನ ವ್ಯವಹಾರಗಳನ್ನು ನಿರ್ಣಯಿಸಲು ಕೂಡುತ್ತಿದ್ದ ಕೂಟಕ್ಕೆ ಎಕ್ಲೇಸಿಯ ಎಂದು ಹೆಸರು. ಕ್ರೈಸ್ತರು ತಮ್ಮ ಸಮುದಾಯವನ್ನು ಅದೇ ಹೆಸರಿನಿಂದ ಕರೆದರು. ಕನ್ನಡದ ಪ್ರಾಟೆಸ್ಟಂಟ್ ಅನುವಾದಕರು ಅದನ್ನು ಸಭೆ ಎಂದುದು ಎಷ್ಟು ಸಮಂಜಸ! ಅದೇ ಎಕ್ಲೇಸಿಯ ಲ್ಯಾಟಿನ್ ಮತ್ತು ಪೋರ್ಚುಗೀಸ್ ಭಾಷೆಗಳನ್ನು ಹಾಯ್ದು ಕರಾವಳಿಯಲ್ಲಿ ಇಗರ್ಜಿ ಆಯಿತು. ಪಾದ್ರಿ ಎಂಬ ಪದವೂ ಪೋರ್ಚುಗೀಸರ ಹಡಗಿನಲ್ಲಿ ಬಂದುದೇ. ತಂದೆ ಎಂಬುದು ಅದರ ಅರ್ಥ. ಸಂಸ್ಕೃತದ ಪಿತೃ ಅದರ ದೂರದ ಬಂಧು. ಮೇಲ್ವಿಚಾರಕ ಎಂಬ ಅರ್ಥದ ಎಪಿಸ್ಕೊಪೋಸ್ ಇಂಗ್ಲಿಷಿನ ಮೂಲಕ ಬಿಷಪ್ ಆಯಿತು. ಕನ್ನಡದಲ್ಲಿ ಅದಕ್ಕೆ ಧರ್ಮಾಧ್ಯಕ್ಷ ಎಂಬ ಮಾತೂ ಬಳಕೆಯಲ್ಲಿದೆ. ಶಿಲುಬೆ ಎಂಬ ಪದ ಮಾತ್ರ ಯೂರೋಪಿನ ದಾರಿಯಲ್ಲಿ ಬರಲಿಲ್ಲ. ಅದು ಸಿರಿಯಾಕ್ ಭಾಷೆಯ ಸ್ಲೀಬ ಎಂಬ ಪದ. ಕೇರಳದ ಪುರಾತನ ಕ್ರೈಸ್ತರ ಕಡೆಯಿಂದ ದಕ್ಷಿಣದ ಭಾಷೆಗಳಿಗೆ ಹರಡಿದುದು.

ರಾಯಚೂರು ಸೀಮೆಗೆ ಬೈಬಲ್ಲಿನ ಹೆಸರುಗಳು ಮಿಷನರಿಗಳಿಗಿಂತ ಮುಂಚೆಯೇ ಬೇರೊಂದು ದಾರಿಯಿಂದ ಬಂದಿದ್ದುವು. ಅದು ಅರಬ್ಬಿ ಮತ್ತು ಪಾರಸಿ ಭಾಷೆಗಳ ದಾರಿ. ಅಬ್ರಹಾಮನು ಇಬ್ರಾಹಿಂ, ಮೋಶೆಯು ಮೂಸಾ, ದಾವೀದನು ದಾವೂದ್, ಸೊಲೊಮೋನನು ಸುಲೇಮಾನ್, ಯಾಕೋಬನು ಯಾಕೂಬ್, ಯೋಸೇಫನು ಯೂಸುಫ್, ಮರಿಯಳು ಮರಿಯಮ್, ಯೇಸುವು ಈಸಾ. ಇಲಿಯಾಸ್, ಯೂನುಸ್ ಎಂಬ ಹೆಸರುಗಳ ಕೊನೆಯಲ್ಲಿರುವ ಸಕಾರ ಹೀಬ್ರೂವಿನದಲ್ಲ. ನಡುದಾರಿಯಲ್ಲಿ ಗ್ರೀಕರು ಹಚ್ಚಿದ ಗುರುತು.

ಬಿಜಾಪುರದ ಆದಿಲ್‌ಶಾಹಿ ಅರಸರ ಹೆಸರುಗಳನ್ನೇ ನೋಡಬಹುದು. ೧೪೯೦ರಲ್ಲಿ ಆ ರಾಜ್ಯವನ್ನು ಸ್ಥಾಪಿಸಿದವನು ಯೂಸುಫ್. ೧೫೨೦ರಲ್ಲಿ ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನೊಡನೆ ಕಾದಿ ಸೋತವನು ಅವನ ಮಗ ಇಸ್ಮಾಯಿಲ್. ಬೈಬಲ್ಲಿನಲ್ಲಿ ಅಬ್ರಹಾಮನ ಹಿರಿಯ ಮಗನಾದ ಇಷ್ಮಾಯೇಲನ ಹೆಸರೇ ಇದು. ಸಂಗೀತಪ್ರಿಯನಾಗಿ, ಕಿತಾಬ್-ಎ-ನವರಸ್ ಎಂಬ ಕೃತಿಯಲ್ಲಿ ಸರಸ್ವತಿಯನ್ನು ಸ್ತುತಿಸಿ, ಜಗದ್ಗುರು ಎಂದು ಜನರಿಂದ ಕರೆಸಿಕೊಂಡವನು ಎರಡನೆಯ ಇಬ್ರಾಹಿಂ. ಹೀಬ್ರೂ ಮೂಲದ ಹೆಸರಿಗೆ ಸಂಸ್ಕೃತದ ಬಿರುದು! ೧೬೮೬ರಲ್ಲಿ ಔರಂಗಜೇಬನಿಗೆ ಶರಣಾದ ಕೊನೆಯ ಅರಸನ ಹೆಸರು ಸಿಕಂದರ್. ಅಲೆಕ್ಸಾಂಡರ್ ಎಂಬ ಗ್ರೀಕ್ ಹೆಸರಿನ ಮೊದಲಕ್ಷರಗಳನ್ನು ಅರಬ್ಬರು ತಮ್ಮ ಭಾಷೆಯ ಅಲ್ ಎಂಬ ಉಪಪದವೆಂದು ಭಾವಿಸಿದರು; ಉಳಿದುದು ಇಸ್ಕಂದರ್, ಸಿಕಂದರ್ ಆಯಿತು. ಯೆಹೂದ್ಯರ ಯೋಸೇಫನಿಂದ ಮೊದಲಾದ ಒಂದು ರಾಜವಂಶ ಗ್ರೀಕರ ಅಲೆಕ್ಸಾಂಡರನಲ್ಲಿ ಮುಗಿಯಿತು. ಅಶೋಕನ ಬಂಡೆಯ ಅಲಿಕಸುದರನೂ ಬಿಜಾಪುರದ ಸಿಕಂದರನೂ ಒಂದೇ ಹೆಸರಿನ ಎರಡು ಪಯಣಗಳು.

ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಅರಸರ ಕಾಲದಲ್ಲಿಯೇ ಕಥೋಲಿಕ ಕ್ರೈಸ್ತರ ನೆಲೆಯೊಂದು ಬೆಳೆಯಿತು. ಗೋವೆಯ ಕಡೆಯಿಂದ ಬಂದ ಜೆಸುಯಿಟ್ ಪಾದ್ರಿಗಳು ಅಲ್ಲಿ ಇಗರ್ಜಿಯನ್ನು ಕಟ್ಟಿದರು. ಮೊಹರಂ ಹಬ್ಬಕ್ಕೆ ಹೆಸರಾದ ಆ ಊರಿನಲ್ಲಿ ಅರಬ್ಬಿಯ ದಾರಿಯಲ್ಲಿ ಬಂದ ಯೂಸುಫನೂ ಲ್ಯಾಟಿನ್ನಿನ ದಾರಿಯಲ್ಲಿ ಬಂದ ಜೋಸೆಫನೂ ಒಂದೇ ಕೋಟೆಯ ನೆರಳಿನಲ್ಲಿ ಸಂಧಿಸಿದರು. ಕನ್ನಡ ನಾಡಿನ ಕಥೋಲಿಕರು ತಮ್ಮ ಸಂತರ ಹೆಸರುಗಳಿಗೆ ಕನ್ನಡದ ಅಪ್ಪ, ಅಮ್ಮಗಳನ್ನು ಸೇರಿಸಿ ಅವನ್ನು ಮನೆಯವರನ್ನಾಗಿ ಮಾಡಿಕೊಂಡಿದ್ದಾರೆ. ಕ್ಸೇವಿಯರನು ಚೌರಪ್ಪ, ಇಗ್ನೇಷಿಯಸನು ಇನ್ನಾಸಪ್ಪ, ಅಂತೋಣಿಯು ಅಂತೋಣಪ್ಪ, ಮರಿಯಳು ಮರಿಯಮ್ಮ.

ಬೈಬಲ್ಲನ್ನು ಇಡಿಯಾಗಿ ಕನ್ನಡಕ್ಕೆ ತರುವ ಕೆಲಸ ತುಂಗಭದ್ರೆಯ ದಕ್ಷಿಣಕ್ಕಿರುವ ಬಳ್ಳಾರಿಯಲ್ಲಿ ಮೊದಲಾಯಿತು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಅಲ್ಲಿಗೆ ಬಂದು, ಕನ್ನಡವನ್ನು ಕಲಿತು, ಅನುವಾದಕ್ಕೆ ಕೈಹಾಕಿದನು. ಅಲ್ಲಿಯೇ ಇದ್ದ ವಿಲಿಯಂ ರೀವ್ ೧೮೨೪ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ ೧೮೩೨ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಹೊರತಂದನು. ಮುಂದೆ ಬಾಸೆಲ್ ಮಿಷನ್ನಿನ ವೈಗ್ಲೆ, ಮೋಗ್ಲಿಂಗ್ ಮೊದಲಾದವರು ಆ ಅನುವಾದವನ್ನು ಪರಿಷ್ಕರಿಸಿದರು. ಅದೇ ಮಿಷನ್ನಿನ ಫರ್ಡಿನಂಡ್ ಕಿಟ್ಟೆಲ್ ೧೮೬೨ರಲ್ಲಿ ಕ್ರಿಸ್ತನ ಚರಿತೆಯನ್ನು ಕನ್ನಡದ ಛಂದಸ್ಸಿನಲ್ಲಿ ಕಥಾಮಾಲೆ ಎಂಬ ಹೆಸರಿನಿಂದ ರಚಿಸಿದನು. ಅವನ ಮಹಾನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು.

ಈ ಅನುವಾದಕರ ಮುಂದಿದ್ದ ಸಮಸ್ಯೆ ಎರಡು ಅಲಗಿನ ಕತ್ತಿಯಂತಹುದು. ಪರಭಾಷೆಯ ಪದವನ್ನು ಹಾಗೆಯೇ ಇಟ್ಟರೆ ಕೇಳುವವನಿಗೆ ಅದು ಬರಿಯ ಸದ್ದು. ಕನ್ನಡದ ಪದವನ್ನು ಇಟ್ಟರೆ ಆ ಪದಕ್ಕೆ ಮೊದಲೇ ಅಂಟಿಕೊಂಡ ಅರ್ಥಗಳು ಜೊತೆಗೆ ಬರುತ್ತವೆ. ದೀಕ್ಷೆ ಎಂಬ ಪದವನ್ನೇ ತೆಗೆದುಕೊಳ್ಳಬಹುದು. ಶರಣರ ನಾಡಿನಲ್ಲಿ ಅದಕ್ಕೆ ಗುರು ಲಿಂಗಗಳ ಸಂಬಂಧವಾದ ಗಾಢವಾದ ಅರ್ಥವಿದೆ. ನೀರಿನಲ್ಲಿ ಮುಳುಗಿಸುವುದು ಎಂಬ ಅರ್ಥದ ಗ್ರೀಕ್ ಪದಕ್ಕೆ ಪ್ರಾಟೆಸ್ಟಂಟರು ದೀಕ್ಷಾಸ್ನಾನವೆಂದರು, ಕಥೋಲಿಕರು ಜ್ಞಾನಸ್ನಾನವೆಂದರು. ಕಳುಹಿಸಲ್ಪಟ್ಟವನು ಎಂಬ ಅರ್ಥದ ಅಪೊಸ್ತೊಲೋಸ್ ಎಂಬುದನ್ನು ಒಬ್ಬರು ಅಪೊಸ್ತಲ ಎಂದು ಧ್ವನಿಯಿಂದ ಉಳಿಸಿದರು. ಇನ್ನೊಬ್ಬರು ಪ್ರೇಷಿತ ಎಂದು ಅರ್ಥದಿಂದ ತಂದರು. ಶುಭವಾರ್ತೆ ಎಂಬ ಅರ್ಥದ ಗ್ರೀಕ್ ಪದ ಒಬ್ಬರಲ್ಲಿ ಸುವಾರ್ತೆ, ಇನ್ನೊಬ್ಬರಲ್ಲಿ ಶುಭಸಂದೇಶ. ಯೆಹೂದ್ಯರು ಉಚ್ಚರಿಸಲು ಅಂಜುತ್ತಿದ್ದ ದೇವನಾಮವು ಒಬ್ಬರಲ್ಲಿ ಯೆಹೋವ, ಇನ್ನೊಬ್ಬರಲ್ಲಿ ಸರ್ವೇಶ್ವರ. ಒಂದೇ ಗ್ರಂಥ ಓದುವ ಎರಡು ಮನೆಗಳಲ್ಲಿ ಎರಡು ಬಗೆಯ ಕನ್ನಡ ಬೆಳೆಯಿತು.

ಕೆಲವು ಕಡೆ ಕನ್ನಡದ ಅನುವಾದಕರು ಯೂರೋಪಿನ ಭಾಷೆಗಳನ್ನೂ ಹಿಂದೆ ಹಾಕಿ ಮೂಲಕ್ಕೆ ಸಮೀಪವಾದರು. ಇಂಗ್ಲಿಷಿನ ಮೋಸೆಸ್ ಗ್ರೀಕನ್ನು ಅನುಸರಿಸಿದರೆ, ಕನ್ನಡದ ಮೋಶೆ ಹೀಬ್ರೂವಿನ ಶಕಾರವನ್ನು ಉಳಿಸಿಕೊಂಡಿದೆ. ಇಂಗ್ಲಿಷಿನ ಈವ್ ಕನ್ನಡದಲ್ಲಿ ಹವ್ವ, ಉರ್ದುವಿನಲ್ಲಿಯೂ ಹವ್ವಾ. ದೇವರಿಗೂ ಜನಕ್ಕೂ ಆದ ಒಪ್ಪಂದವನ್ನು ಹೇಳುವ ಹೀಬ್ರೂ ಪದ ಗ್ರೀಕ್ ಲ್ಯಾಟಿನ್‌ಗಳನ್ನು ಹಾಯುವಾಗ ಮರಣಶಾಸನ ಎಂಬ ಅರ್ಥದ ಛಾಯೆಯನ್ನು ಹೊತ್ತು ಇಂಗ್ಲಿಷಿನಲ್ಲಿ ಟೆಸ್ಟಮೆಂಟ್ ಆಯಿತು. ಕನ್ನಡದ ಒಡಂಬಡಿಕೆ ಎಂಬ ಮಾತು ಆ ಛಾಯೆಯನ್ನು ಕಳಚಿ ಮೂಲದ ಅರ್ಥವನ್ನು ನೇರವಾಗಿ ಹಿಡಿಯಿತು. ಗ್ರಂಥಭಾಗಗಳಿಗೆ ಆದಿಕಾಂಡ, ಅರಣ್ಯಕಾಂಡ ಎಂದು ಹೆಸರಿಟ್ಟಾಗ ರಾಮಾಯಣದ ನೆನಪೂ, ದಾವೀದನ ಹಾಡುಗಳನ್ನು ಕೀರ್ತನೆಗಳು ಎಂದಾಗ ಹರಿದಾಸರ ನೆನಪೂ ಓದುಗನಲ್ಲಿ ಮೂಡದಿರಲಾರದು.

ಹೀಗೆ ಒಂದು ಧರ್ಮದ ಪದವನ್ನು ಇನ್ನೊಂದು ಧರ್ಮದವರು ಬಳಸುವುದು ಸರಿಯೇ ಎಂದು ಕೇಳುವವರುಂಟು. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಪದದ ಹಿಂದೆ ಒಂದು ಸಮುದಾಯದ ಬಾಳು, ನಂಬಿಕೆ, ತ್ಯಾಗಗಳಿರುತ್ತವೆ. ಅದನ್ನು ಲಘುವಾಗಿ ಎತ್ತಿಕೊಂಡರೆ ನೋವಾಗುವುದು ಸಹಜ. ಆದರೆ ಪದಗಳ ಚರಿತ್ರೆ ಇನ್ನೊಂದು ಮಾತನ್ನೂ 
ಹೇಳುತ್ತದೆ. ಎಕ್ಲೇಸಿಯ ಅಥೆನ್ಸಿನ ಪೌರರದಾಗಿದ್ದಿತು. ಯೂಸೆಬೈಯ ಗ್ರೀಕರದಾಗಿದ್ದಿತು, ಅಶೋಕನದಾಯಿತು, ಕ್ರೈಸ್ತರದೂ ಆಯಿತು. ಹೊಸಬರು ಬಳಸಿದರೆಂದು ಹಳಬರ ಪಾಲು ಕಡಮೆಯಾಗಲಿಲ್ಲ. ಹೊಲ ಹಂಚಿದರೆ ಕುಗ್ಗುತ್ತದೆ. ಮಾತು ಹಂಚಿದರೆ ಕುಗ್ಗುವುದಿಲ್ಲ. ಬಳಸುವವನು ಅದರ ಹಿಂದಿನ ಬಾಳನ್ನು ಅರಿತು, ಗೌರವದಿಂದ ಬಳಸಬೇಕೆಂಬುದಷ್ಟೇ ಮುಖ್ಯ.

ಮನುಷ್ಯರ ಹೆಸರಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಹೆಸರನ್ನು ಕೇಳಿ ಇವನು ಈ ನೆಲದವನು, ಅವನು ಹೊರಗಿನವನು ಎಂದು ಬೇರ್ಪಡಿಸುವ ಅಭ್ಯಾಸ ಸುಲಭವಾಗಿ ಬೆಳೆಯುತ್ತದೆ. ಇಬ್ರಾಹಿಂ, ಯೋಹಾನ ಎಂಬ ಹೆಸರಿನ ಬಾಲಕನಿಗೆ ನಿನ್ನ ಹೆಸರು ಈ ನಾಡಿನದಲ್ಲ ಎಂದರೆ ಅವನ ಮನಸ್ಸಿಗೆ ಆಗುವ ಗಾಯ ಚಿಕ್ಕದಲ್ಲ. ಆ ಹೆಸರುಗಳು ಎಡೆದೊರೆ ನಾಡಿನ ನೀರನ್ನು ಶತಮಾನಗಳಿಂದ ಕುಡಿದಿವೆ. ಇಲ್ಲಿಯ ವಿಭಕ್ತಿಗಳನ್ನು ಉಟ್ಟಿವೆ. ಇಲ್ಲಿಯ ತಾಯಂದಿರ ಕೂಗಿಗೆ ಓಗೊಟ್ಟಿವೆ. ಅರ್ಥವನ್ನು ವಿಚಾರಿಸಿದರಂತೂ ಭೇದವೇ ಉಳಿಯುವುದಿಲ್ಲ. ಅಶೋಕನು ದೇವಾನಾಂಪ್ರಿಯ ಎಂದು ಕರೆದುಕೊಂಡ ಕಾಲಕ್ಕೆ ಗ್ರೀಕರಲ್ಲಿ ಥಿಯೊಫಿಲ ಎಂಬ ಹೆಸರಿದ್ದಿತು. ಲೂಕನು ತನ್ನ ಸುವಾರ್ತೆಯನ್ನು ಆ ಹೆಸರಿನವನೊಬ್ಬನಿಗೆ ಬರೆದನು. ಅದರ ಅರ್ಥವೂ ದೇವರಿಗೆ ಪ್ರಿಯನಾದವನು ಎಂದೇ.

ದೇವದುರ್ಗ, ಮಾನ್ವಿ, ಮಸರಕಲ್ಲುಗಳಂಥ ಊರುಗಳ ಶಾಲೆಗಳಲ್ಲಿ ಬೆಳಗ್ಗೆ ಹಾಜರಿ ಕರೆಯುವಾಗ ದೇವದತ್ತ ಎಂದು ಒಬ್ಬನನ್ನು, ಅಲ್ಲಾಬಕ್ಷ ಎಂದು ಮತ್ತೊಬ್ಬನನ್ನು, ಮತ್ತಾಯ ಎಂದು ಇನ್ನೊಬ್ಬನನ್ನು ಕರೆಯಬೇಕಾಗಬಹುದು. ಸಂಸ್ಕೃತದಲ್ಲಿ ದೇವದತ್ತ ಎಂದರೆ ದೇವರು ಕೊಟ್ಟವನು. ಅಲ್ಲಾಬಕ್ಷ ಎಂದರೆ ದೇವರ ಕೊಡುಗೆ. ಹೀಬ್ರೂವಿನಿಂದ ಬಂದ ಮತ್ತಾಯ ಎಂಬ ಹೆಸರಿಗೂ ದೇವರ ಕೊಡುಗೆಯೆಂದೇ ಅರ್ಥ. ಮೂವರು ಬಾಲಕರೂ ಎದ್ದುನಿಂತು ಕನ್ನಡದಲ್ಲಿ ಓಗೊಡುತ್ತಾರೆ. ಮೂರು ಮನೆಗಳಲ್ಲಿ ಮಗು ಹುಟ್ಟಿದಾಗ ತಾಯಿತಂದೆಗಳ ಮನಸ್ಸಿನಲ್ಲಿ ಮೂಡಿದ ಮಾತು ಒಂದೇ ಆಗಿದ್ದಿತು.

ಅಭ್ಯಾಸ

೧. ಎಡೆದೊರೆ, ದೋಆಬ್, ಮೆಸೊಪೊಟೇಮಿಯ ಎಂಬ ಹೆಸರುಗಳಿಗಿರುವ ಸಾಮ್ಯವನ್ನು ವಿವರಿಸಿರಿ.
೨. ಹೆಸರುಗಳು ಧ್ವನಿಯ ದಾರಿಯಲ್ಲಿ ಮತ್ತು ಅರ್ಥದ ದಾರಿಯಲ್ಲಿ ಪಯಣ ಮಾಡುವುದೆಂದರೇನು? ಒಂದೊಂದಕ್ಕೆ ಎರಡೆರಡು ಉದಾಹರಣೆ ಕೊಡಿರಿ.
೩. ಅಶೋಕನ ಕಾಲವನ್ನು ನಿಶ್ಚಯಿಸಲು ಗ್ರೀಕ್ ಅರಸರ ಹೆಸರುಗಳು ಹೇಗೆ ನೆರವಾದುವು?
೪. ‘ಹೊಲ ಹಂಚಿದರೆ ಕುಗ್ಗುತ್ತದೆ, ಮಾತು ಹಂಚಿದರೆ ಕುಗ್ಗುವುದಿಲ್ಲ.’ ಈ ಮಾತಿನ ಸ್ವಾರಸ್ಯವನ್ನು ಬರೆಯಿರಿ.
೫. ನಿಮ್ಮ ತರಗತಿಯ ಹತ್ತು ಮಂದಿಯ ಹೆಸರುಗಳನ್ನು ಬರೆದು, ಅವರ ಮನೆಯ ಹಿರಿಯರನ್ನು ಕೇಳಿ ಅರ್ಥಗಳನ್ನು ಸಂಗ್ರಹಿಸಿರಿ.